ಬಾಗಿಲ ಸಂದಿನ ಕಾಲುಗಳು

ಬೆಲ್ ಆದರೆ ತಟ್ಟೆ ಎತ್ತಿಕೊಂಡು ಒಳಗೆ ಹೋಗಬೇಕು. ಆ ಮನೆಯಲ್ಲಿ ತಮ್ಮನಿಗೆ ಇದ್ದ ಕಾನೂನು ಇದೊಂದೇ. ಮೂವತ್ತೈದು ವರ್ಷಗಳಲ್ಲಿ ಅವನು ಅದನ್ನು ಒಂದು ಸಲವೂ ಮುರಿದವನಲ್ಲ. ಊಟದ ನಡುವೆ ಬೆಲ್ ಆದರೆ ತಟ್ಟೆ, ಚಹಾ ಕುಡಿಯುವಾಗ ಆದರೆ ಲೋಟ, ಏನೂ ಇಲ್ಲದಿದ್ದರೆ ಬರಿಗೈ. ಹಿಂದಿನ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡನೆಂದರೆ ಬಂದವರು ಹೋಗುವವರೆಗೆ ಒಳಗೆ ಸೊಲ್ಲೇ ಇಲ್ಲ. ಅವರು ಹೋದ ಮೇಲೆ ಅಮ್ಮನೋ ಅಕ್ಕನೋ ಆ ಬಾಗಿಲನ್ನು ಮೂರು ಸಲ ತಟ್ಟುತ್ತಿದ್ದರು. ಟಕ್, ಟಕ್, ಟಕ್. "ಬಂದವರು ಹೋದ್ರು, ಬಾ, ಊಟ ಆರುತ್ತೆ" ಎನ್ನುತ್ತಿದ್ದಳು ಅಮ್ಮ. ಆಗ ಅವನು ಹೊರಗೆ ಬಂದು, ಮೊದಲು ಕೂತಿದ್ದ ಕುರ್ಚಿಯಲ್ಲೇ ಕೂತು, ಆರಿ ಅಂಟಂಟಾದ ಊಟ ಮುಗಿಸುತ್ತಿದ್ದ. ಒಳಗೆ ಒಂದು ತುತ್ತನ್ನೂ ಮುಟ್ಟಿರುತ್ತಿರಲಿಲ್ಲ. ಅಷ್ಟು ಹೊತ್ತು ಒಳಗೆ ಏನು ಮಾಡುತ್ತಿದ್ದ ಎಂದು ಯಾರೂ ಕೇಳಿರಲಿಲ್ಲ.

ಟೀವಿ ಧಾರಾವಾಹಿಯಲ್ಲಿ ಬೆಲ್ ಆದರೂ ಎದ್ದು ಹೋಗುವವನೇ. "ಲೋ, ಅದು ಅವರ ಮನೆ ಬೆಲ್ ಕಣೋ!" ಎಂದು ಅಮ್ಮ ನಗುತ್ತಿದ್ದಳು. ಕೊನೆಗೆ ಅವಳು ಧಾರಾವಾಹಿಗಳನ್ನು ದನಿ ಕೆಳಗಿಟ್ಟು ನೋಡಲು ಕಲಿತಳು. ಅತ್ತೆ ಸೊಸೆಯರ ಜಗಳಕ್ಕೆ ದನಿ ಬೇಕಾಗಿಲ್ಲ ಎಂಬುದು ಅವಳು ಕಂಡುಕೊಂಡ ಸತ್ಯ.

ಇದನ್ನು ಕಲಿಸಿದವಳು ಅಕ್ಕ. ಆಗ ಅವಳಿಗೆ ಹನ್ನೆರಡು, ತಮ್ಮನಿಗೆ ಆರು. ತಮ್ಮ ಮಾತು ಕಲಿತದ್ದು ತಡವಾಗಿ. ಕಲಿತ ಮೇಲೂ ಬೇಕಾದಷ್ಟೇ ಆಡುತ್ತಿದ್ದ, ಇಲ್ಲವೇ ಬೇರೆಯವರು ಆಡಿದ್ದನ್ನೇ ಮತ್ತೆ ಆಡುತ್ತಿದ್ದ. ಖುಷಿಯಾದರೆ ಎರಡೂ ಕೈಗಳನ್ನು ಎದೆಯ ಹತ್ತಿರ ಪಟಪಟ ಬಡಿಯುತ್ತಿದ್ದ. ಮಿಕ್ಸಿ ತಿರುಗಿದರೆ ಕಿವಿ ಮುಚ್ಚಿಕೊಂಡು ಕಿರುಚುತ್ತಿದ್ದ. ಇದನ್ನೆಲ್ಲ ಒಂದು ಮಧ್ಯಾಹ್ನ ಕೂತು ನೋಡಿದ ಅಪ್ಪನ ಅಕ್ಕ, ದೊಡ್ಡತ್ತೆ, ಹೊರಡುವಾಗ ಬಾಗಿಲಲ್ಲಿ ನಿಂತು ಅಮ್ಮನಿಗೆ ಬುದ್ಧಿ ಹೇಳಿದಳು. "ಬಂದವರ ಮುಂದೆಲ್ಲ ಇವನನ್ನ ಕೂರಿಸ್ಕೋಬೇಡ ಕಣಮ್ಮ. ಮನೇಲಿ ಬೆಳೆಯೋ ಹುಡುಗಿ ಇದ್ದಾಳೆ. ನಾಳೆ ಇವಳನ್ನ ಕೇಳ್ಕೊಂಡು ಯಾರು ಬರ್ತಾರೆ ಹೇಳು?" ದೊಡ್ಡತ್ತೆ ಕೆಟ್ಟವಳೇನಲ್ಲ. ಕೆಟ್ಟವರ ಮಾತನ್ನು ಈ ಕಿವಿಯಲ್ಲಿ ಕೇಳಿ ಆ ಕಿವಿಯಲ್ಲಿ ಬಿಡಬಹುದು. ಹಿತ ಬಯಸುವವರ ಮಾತು ಹಾಗಲ್ಲ, ಅದು ಮನೆಯೊಳಗೇ ಕುರ್ಚಿ ಹಾಕಿಕೊಂಡು ಕೂತುಬಿಡುತ್ತದೆ.

ಅಮ್ಮ ಎರಡು ದಿನ ಅತ್ತಳು. ಮೂರನೆಯ ದಿನ, "ನಿನ್ನ ಮಾತು ಕೇಳ್ತಾನೆ, ನೀನೇ ಏನಾದ್ರೂ ಮಾಡೇ" ಎಂದು ಮಗಳಿಗೆ ಒಪ್ಪಿಸಿದಳು. ಅಕ್ಕ ಅದನ್ನು ಆಟ ಮಾಡಿದಳು. ಹೊರಗೆ ಹೋಗಿ ಬೆಲ್ ಒತ್ತುವುದು, ಓಡಿ ಬಂದು ತಮ್ಮನ ಕೈಗೆ ತಟ್ಟೆ ಕೊಡುವುದು, ಇಬ್ಬರೂ ಹಿಂದಿನ ಕೋಣೆಗೆ ಓಡಿ ಬಾಗಿಲು ಹಾಕಿಕೊಳ್ಳುವುದು. ಒಳಗೆ ಬಾಗಿಲಿಗೆ ಒರಗಿ ಕೂತು, ಅವನ ಬಾಯಿಗೊಂದು ತನ್ನ ಬಾಯಿಗೊಂದು ಪೆಪ್ಪರ್‌ಮೆಂಟ್. ಅಮ್ಮ ಬಂದು ಮೂರು ಸಲ ತಟ್ಟಿದರೆ ಆಟ ಮುಗಿಯಿತು. ಇವನ ತಲೆಗೆ ಏನೂ ಹತ್ತುವುದಿಲ್ಲ ಎಂದು ಶಾಲೆಯವರು ವಾಪಸು ಕಳಿಸಿದ್ದ ಹುಡುಗ ನಾಲ್ಕೇ ದಿನದಲ್ಲಿ ಪಾಠ ಒಪ್ಪಿಸಿದ. ಐದನೆಯ ದಿನ ನಿಜವಾಗಿ ಬೆಲ್ ಆಯಿತು. ಬಾಗಿಲು ತೆಗೆಯಲು, ಬಂದವರಿಗೆ ನೀರು ಕೊಡಲು ಅಕ್ಕ ಹೊರಗೆ ಬೇಕಾಗಿತ್ತು. ಅವನು ಒಬ್ಬನೇ ಹೋದ. ಆಮೇಲೆ ಯಾವಾಗಲೂ ಒಬ್ಬನೇ.

ಅಕ್ಕನನ್ನು ನೋಡಲು ನಾಲ್ಕಾರು ಗಂಡುಗಳು ಬಂದದ್ದೂ ಉಂಟು. ಒಬ್ಬನಿಗೆ ಅವಳ ಎತ್ತರ ಸಾಲದು, ಒಬ್ಬನಿಗೆ ಅವಳ ಮಾತು ಜಾಸ್ತಿ. ಒಬ್ಬನಂತೂ ಚೆನ್ನಾಗಿ ತಿಂದು, ಆಮೇಲೆ ಹೇಳಿಕಳಿಸುತ್ತೇವೆ ಎಂದು ಹೋದವನು ಇನ್ನೂ ಹೇಳಿಕಳಿಸುತ್ತಲೇ ಇದ್ದಾನೆ. ಯಾವ ಮದುವೆಗಾಗಿ ತಮ್ಮನನ್ನು ಒಳಗಿಟ್ಟರೋ ಆ ಮದುವೆ ಆಗಲೇ ಇಲ್ಲ. ಕಾನೂನು ಮಾತ್ರ ಉಳಿಯಿತು. ಅಪ್ಪ ಹೋದ, ಹೋದ ವರ್ಷ ಅಮ್ಮನೂ ಹೋದಳು. ತಮ್ಮನಿಗೆ ನಲವತ್ತೊಂದಾಯಿತು. ಮೂರು ವರ್ಷದ ಹಿಂದೆ ಒಬ್ಬ ಡಾಕ್ಟರು ಅವನಿಗಿರುವುದು ಆಟಿಸಂ ಎಂದು ಬರೆದುಕೊಟ್ಟಿದ್ದ ಕಾಗದವನ್ನು ಅಮ್ಮ ಬೀರುವಿನಲ್ಲಿ ಬಟ್ಟೆಗಳ ಅಡಿಗೆ ಮಡಚಿಟ್ಟಿದ್ದಳು. ಅದಕ್ಕೂ ಹಿಂದಿನ ಕೋಣೆಯೇ ಗತಿಯಾಯಿತು.

ಅಕ್ಕನ ಕೆಲಸ ಹಲ್ಲು ಕಟ್ಟುವುದು. ಹಲ್ಲಿನ ಡಾಕ್ಟರುಗಳು ರೋಗಿಗಳ ಬಾಯಿಯ ಅಚ್ಚು ತೆಗೆದು ಅವಳ ಲ್ಯಾಬಿಗೆ ಕಳಿಸುತ್ತಾರೆ. ಅವಳು ಅದಕ್ಕೆ ಪ್ಲಾಸ್ಟರ್ ಎರೆದು, ಮೇಣದಲ್ಲಿ ಒಸಡು ಕೂರಿಸಿ, ಹಲ್ಲು ಒಂದೊಂದಾಗಿ ಜೋಡಿಸಿ, ಉಜ್ಜಿ ಹೊಳಪು ಕೊಟ್ಟು ಕಳಿಸುತ್ತಾಳೆ. ಕಟ್ಟಡದವರೆಲ್ಲ ಅವಳನ್ನು ಹಲ್ಲಕ್ಕ ಎನ್ನುತ್ತಾರೆ. ಅವಳಿಗೆ ಜನರ ದವಡೆಗಳು ಗೊತ್ತು, ಮುಖಗಳು ಗೊತ್ತಿಲ್ಲ. ಊರಿಗೆಲ್ಲ ನಗು ಮಾಡಿಕೊಡುವವಳ ಮನೆಯಲ್ಲಿ ನಾಲ್ಕು ಜನ ಒಟ್ಟಿಗೆ ಕೂತು ನಕ್ಕ ದಿನವಿರಲಿಲ್ಲ.

ಎಲ್ಲ ತಿಳಿದದ್ದು ಒಂದು ಹಲ್ಲಿನಿಂದ. ಒಂದು ಸಂಜೆ ಅವಳ ಏಪ್ರನ್ ಜೇಬಿನಿಂದ ಪುಟ್ಟ ದವಡೆ ಹಲ್ಲೊಂದು ಬಿದ್ದು, ಹಿಂದಿನ ಕೋಣೆಯ ಬಾಗಿಲ ಹತ್ತಿರ ಉರುಳಿತು. ಹುಡುಕಲು ಅವಳು ಕೋಣೆಯೊಳಗೆ ಹೋಗಿ ನೆಲಕ್ಕೆ ಬೋರಲಾಗಿ, ಆಮೇಲೆ ಕೆನ್ನೆಯಿಟ್ಟು ಮಗ್ಗುಲಾದಳು. ಯಾವಾಗಲೋ ಉಬ್ಬಿ ಕಚ್ಚಿಕೊಳ್ಳುತ್ತಿದ್ದ ಆ ಬಾಗಿಲಿನ ಅಡಿಯನ್ನು ಬಡಗಿ ಜಾಸ್ತಿಯೇ ಕೆತ್ತಿದ್ದ. ಎರಡು ಬೆರಳು ಸಂದು. ಸಂದಿನಲ್ಲಿ ಮುಂದಿನ ಕೋಣೆ ಪೂರ್ತಿ ಕಾಣುತ್ತಿತ್ತು, ನೆಲದಿಂದ ಒಂದು ಗೇಣಿನವರೆಗೆ: ಕುರ್ಚಿಯ ಕಾಲುಗಳು, ಮೇಜಿನ ಕಾಲುಗಳು, ಹೊಸ್ತಿಲು, ಕಾಲೊರೆಸುವ ಬಟ್ಟೆ. ಹಲ್ಲು ಕೈಗೆ ಸಿಕ್ಕಿತು. ಏಳಬೇಕೆಂದಾಗ ಕೆನ್ನೆಗೆ ತಾಗಿದ ನೆಲ ಬೇರೆಯಾಗಿತ್ತು. ಕೋಣೆಯ ಸಿಮೆಂಟೆಲ್ಲ ಒರಟು, ಬೂದು. ಅಲ್ಲಿ ಮಾತ್ರ ಅಂಗೈಯಗಲದ ಒಂದು ಜಾಗ ನುಣ್ಣಗೆ ಹೊಳೆಯುತ್ತಿತ್ತು. ಉಜ್ಜಿ ಹೊಳಪು ಕೊಡುವುದು ಅವಳ ಕಸುಬು. ಅಂಥ ಹೊಳಪಿಗೆ ಎಷ್ಟು ಕಾಲ ಉಜ್ಜಬೇಕೆಂದು ಅವಳಿಗೆ ಯಾರೂ ಹೇಳಬೇಕಾಗಿರಲಿಲ್ಲ.

ಇಷ್ಟು ವರ್ಷ ಅವಳು ಒಂದು ಸಮಾಧಾನದ ಮೇಲೆ ಬದುಕಿದ್ದಳು. ಅವನಿಗೆ ಒಬ್ಬನೇ ಇರುವುದೇ ಇಷ್ಟ, ಜನ ಬೇಕಿಲ್ಲ ಎಂದು. ಎಂಥ ಸುಳ್ಳು!

ತಮ್ಮ ಹಿಂದೆಯೇ ನಿಂತಿದ್ದ. ತನ್ನ ಜಾಗದಲ್ಲಿ ಅಕ್ಕ ಮಲಗಿದ್ದು ಅವನಿಗೆ ಅಷ್ಟಾಗಿ ಹಿಡಿಸಿದಂತಿರಲಿಲ್ಲ.

"ಇಲ್ಲಿ ಏನ್ ನೋಡ್ತಿದ್ಯೋ?"

"ಕಾಲು."

"ಯಾರ ಕಾಲು?"

"ಡ್ರೈವರಮ್ಮ. ಎಡಗಾಲು ಹೆಬ್ಬೆರಳು ಉಗುರು ಕಪ್ಪು. ಮೇಷ್ಟ್ರು. ಸಾಕ್ಸ್ ತೂತು. ನರ್ಸ್. ಎರಡೂ ಕಾಲು ಸುಸ್ತು. ದೊಡ್ಡತ್ತೆ. ಊದಿದೆ, ಪಾಪ, ಊದಿದೆ." ಮನೆಗೆ ಬಂದುಹೋಗುವ ಕಟ್ಟಡದವರನ್ನೂ ನೆಂಟರನ್ನೂ ಹೀಗೆ ಎಣಿಸಿ, ಕೊನೆಗೆ ಹೇಳಿದ, "ಅಕ್ಕನ ಕಾಲು. ಓಡಾಡ್ತಾನೇ ಇರುತ್ತೆ. ಕೂರಲ್ಲ."

ಅವಳು ನೆಲದಿಂದ ಏಳಲೇ ಇಲ್ಲ, ಅಲ್ಲೇ ಮುಖ ಮುಚ್ಚಿಕೊಂಡು ಅತ್ತಳು. ತಮ್ಮ ಸ್ವಲ್ಪ ಹೊತ್ತು ನೋಡಿ, ಅವಳ ಕೈಯಿಂದ ಹಲ್ಲು ತೆಗೆದುಕೊಂಡು ಹೋಗಿ ಮೇಜಿನ ಮೇಲೆ ಜೋಪಾನವಾಗಿ ಇಟ್ಟ.

ಅಂದಿನಿಂದ ಅವಳಿಗೆ ಒಂದೇ ಆಸೆ ಹತ್ತಿತು. ಇವನು ನಾಲ್ಕು ಜನರ ಜೊತೆ ಒಂದು ಮೇಜಿನಲ್ಲಿ ಕೂತು ಒಂದು ಊಟ ಮಾಡಬೇಕು, ಬಿಸಿ ಊಟ, ಪಕ್ಕದಲ್ಲಿ ತಾನೂ ಕೂತಿರಬೇಕು. ಬೇರೆಯವರಿಗೆ ದಿನಾ ಸಿಗುವಂಥದ್ದು. ಲ್ಯಾಬಿನಲ್ಲಿ ಯಾರದೋ ಒಸಡಿಗೆ ಮೇಣ ಒತ್ತುತ್ತಿದ್ದರೂ ಅವಳಿಗೆ ಆ ಮೇಜೇ ಕಣ್ಣೆದುರು ಬರುತ್ತಿತ್ತು. ಯಾರು ಎಲ್ಲಿ ಕೂರುತ್ತಾರೆ ಎಂದು ಮನಸ್ಸಿನಲ್ಲೇ ಕುರ್ಚಿ ಹಾಕುತ್ತಿದ್ದಳು. ಕಟ್ಟಬೇಕಾದ ಬಾಯಿಗೆ ಒಂದು ದಿನ ಹಲ್ಲು ಒಂದು ಜಾಸ್ತಿಯೇ ಜೋಡಿಸಿಬಿಟ್ಟಿದ್ದಳು.

ಆದರೆ ಕಲಿಸಿದಷ್ಟು ಸುಲಭವಲ್ಲ ಮರೆಸುವುದು. ಅವಳು ಹೊರಗೆ ಹೋಗಿ ತಾನೇ ಬೆಲ್ ಒತ್ತಿ ಬಂದಳು, ಅವನು ಎದ್ದು ಹೋಗಿದ್ದ. "ಇನ್ಮೇಲೆ ಹೋಗಬೇಡ ಕಂದಾ, ಆಟ ಮುಗೀತು" ಎಂದಳು. "ಆಟ ಮುಗೀತು" ಎಂದು ಅವನೂ ಹೇಳಿದ, ಬೆಲ್ ಆದಾಗ ಹೋದ. ಹೋಗದಿದ್ದರೆ ಪೆಪ್ಪರ್‌ಮೆಂಟ್ ಎಂದಳು. ಪೆಪ್ಪರ್‌ಮೆಂಟ್ ತೆಗೆದುಕೊಂಡು ಹೋದ. ಬೆಲ್ ಆದ ಕೂಡಲೇ ಕೈ ಹಿಡಿದು ಕೂರಿಸಲು ನೋಡಿದ ದಿನ ಮಾತ್ರ ಮೈಯೆಲ್ಲ ನಡುಗಿ ತಲೆಯನ್ನು ಗೋಡೆಗೆ ಚಚ್ಚಿಕೊಂಡ. ಅವಳು ಮತ್ತೆ ಹಾಗೆ ಮಾಡಲಿಲ್ಲ.

ಕೊನೆಗೆ ಒಂದು ಬೆಳಿಗ್ಗೆ, ಟೆರೇಸಿನಲ್ಲಿ ಬಟ್ಟೆ ಒಣಹಾಕುವಾಗ, ಮೇಲಿನ ಮನೆಯ ಬಸ್ ಡ್ರೈವರಮ್ಮನ ಮುಂದೆ ಅವಳು ಬಾಯಿ ಬಿಟ್ಟಳು. ದೊಡ್ಡ ದನಿಯ, ದೊಡ್ಡ ಕೈಗಳ ಹೆಂಗಸು, ದಿನಾ ಇಷ್ಟುದ್ದದ ಬಸ್ಸನ್ನು ಸಂದಿಗೊಂದಿಯಲ್ಲಿ ತಿರುಗಿಸುವವಳು. ಅಕ್ಕ ಒದ್ದೆ ಬೆಡ್‌ಶೀಟ್ ಹಿಡಿದುಕೊಂಡೇ ಹೇಳಿದಳು. "ನಮ್ಮನೇಲಿ ನಾನೊಬ್ಬಳೇ ಅಲ್ಲ ಇರೋದು. ನನಗೊಬ್ಬ ತಮ್ಮ ಇದ್ದಾನೆ."

"ಗೊತ್ತಲ್ಲ" ಎಂದಳು ಡ್ರೈವರಮ್ಮ, ಬಾಯಲ್ಲಿ ಕಚ್ಚಿಕೊಂಡಿದ್ದ ಕ್ಲಿಪ್ ತೆಗೆದು.

"ಏನು ಗೊತ್ತು?"

"ಅಯ್ಯೋ, ದಿನಾ ಗಂಡಸರ ಅಂಗಿ ಒಣಹಾಕ್ತೀರಿ. ನೀವೇ ಹಾಕ್ಕೋತೀರಾ ಅವನ್ನ? ಇಡೀ ಬಿಲ್ಡಿಂಗಿಗೇ ಗೊತ್ತು ಅಕ್ಕಾ."

ಬೆಕ್ಕು ಕಣ್ಣು ಮುಚ್ಚಿಕೊಂಡು ಹಾಲು ಕುಡಿದ ಹಾಗಾಯಿತು ಇಷ್ಟು ವರ್ಷದ ಗುಟ್ಟು. ಅಕ್ಕನಿಗೆ ಮೊದಲು ನಾಚಿಕೆಯಾಯಿತು, ಹಿಂದೆಯೇ ಸಿಟ್ಟು ಬಂತು. "ಗೊತ್ತಿದ್ದೂ ಒಂದು ದಿನ ಕೇಳಲಿಲ್ವಲ್ಲ? ನಾಲ್ಕು ಗೋಡೆ ಮಧ್ಯೆ ಒಬ್ಬ ಮನುಷ್ಯ ಇದ್ದಾನೆ ಅಂತ ಗೊತ್ತು, ನಮ್ಮನೇಲಿ ಕೂತು ಚಹಾ ಕುಡಿದು ಹೋಗ್ತಿದ್ರಿ!"

ಡ್ರೈವರಮ್ಮ ಕೈಯಲ್ಲಿದ್ದ ಕ್ಲಿಪ್ಪನ್ನು ಹಗ್ಗಕ್ಕೆ ಸಿಕ್ಕಿಸಿದಳು. "ಕೇಳಿದ್ರೆ ನಿಮಗೆ ನೋವಾಗುತ್ತೆ ಅನ್ಕೊಂಡ್ವಿ" ಎಂದಳು ಆಮೇಲೆ. ಅವಳ ದೊಡ್ಡ ದನಿ ಎಲ್ಲೋ ಹೋಗಿತ್ತು. "ನೀವು ಮುಚ್ಚಿಟ್ರಿ, ನಾವು ಕಣ್ಣು ಮುಚ್ಕೊಂಡ್ವಿ. ಮರ್ಯಾದೆ ಅಂತ ಮಾಡಿದ್ದು. ತಪ್ಪಾಯ್ತು ಅಕ್ಕಾ."

ಒದ್ದೆ ಬೆಡ್‌ಶೀಟಿನ ನೀರು ಇಬ್ಬರ ಕಾಲ ಮೇಲೂ ತೊಟ್ಟಿಕ್ಕುತ್ತಿತ್ತು. ಡ್ರೈವರಮ್ಮನ ಎಡಗಾಲಿನ ಹೆಬ್ಬೆರಳ ಉಗುರು ಕಪ್ಪಾಗಿತ್ತು. ಅಕ್ಕ ಅದನ್ನು ಮೊದಲ ಸಲ ನೋಡಿದಳು. ಅವಳು ಬೆಲ್ಲಿನ ಕಥೆಯನ್ನೂ ನೆಲದ ಕಥೆಯನ್ನೂ ಊಟದ ಆಸೆಯನ್ನೂ ಪೂರ್ತಿ ಹೇಳಿದಳು.

"ಅಷ್ಟೇನಾ?" ಎಂದಳು ಡ್ರೈವರಮ್ಮ ಮೂಗು ಒರೆಸಿಕೊಂಡು. "ಬೆಲ್ ಆದ್ರೆ ತಾನೇ ಅವರು ಹೋಗೋದು? ನಾವು ಬೆಲ್ ಹೊಡೆಯೋದೇ ಇಲ್ಲ. ಭಾನುವಾರ ಬಾಗಿಲು ತೆಗೆದಿಡಿ, ಮೇಷ್ಟ್ರನ್ನೂ ನರ್ಸನ್ನೂ ಊಟಕ್ಕೆ ಕರ್ಕೊಂಡು ಬರ್ತೀನಿ."

ಭಾನುವಾರ ಅಕ್ಕ ಬೆಳಿಗ್ಗೆಯಿಂದ ಮೂರು ಸಲ ಮೇಜು ಒರೆಸಿದಳು. ತಮ್ಮನಿಗೆ ಇಸ್ತ್ರಿ ಅಂಗಿ ತೊಡಿಸಿದಳು, ಕುತ್ತಿಗೆಯ ಪಟ್ಟಿ ಚುಚ್ಚುತ್ತದೆಂದು ಅವನು ಬಿಚ್ಚಿಹಾಕಿದ. ಹಳೆಯ ಮೆತ್ತನೆಯ ಅಂಗಿಯನ್ನೇ ಹಾಕಿದಳು. ಮಧ್ಯಾಹ್ನ ಮೂವರೂ ಬಂದರು, ಹೊರಗೆ ಚಪ್ಪಲಿ ಬಿಟ್ಟು, ಬೆಲ್ಲಿನ ಗುಂಡಿಯತ್ತ ತಿರುಗಿಯೂ ನೋಡದೆ: ಡ್ರೈವರಮ್ಮ, ಕೆಳಮನೆಯ ನಿವೃತ್ತ ಮೇಷ್ಟ್ರು, ಎದುರುಮನೆಯ ನರ್ಸ್. ತಮ್ಮ ತಟ್ಟೆಯ ಮುಂದೆ ಕೂತಿದ್ದವನು ತಲೆ ಬಗ್ಗಿಸಿ ಮೇಜಿನ ಅಡಿ ನೋಡಿದ.

"ಡ್ರೈವರಮ್ಮ" ಎಂದ. "ನರ್ಸ್. ಮೇಷ್ಟ್ರು. ಹೊಸ ಸಾಕ್ಸ್."

ಮೇಷ್ಟ್ರು ಬಗ್ಗಿ ಸ್ವಂತ ಕಾಲು ನೋಡಿಕೊಂಡರು. ಹೊಸ ಸಾಕ್ಸ್ ಅವರು ನಿಜಕ್ಕೂ ಆ ದಿನಕ್ಕೆಂದೇ ತೊಟ್ಟು ಬಂದಿದ್ದರು.

ಎಲ್ಲ ಸಲೀಸಾಗಿ ನಡೆಯಿತು ಎಂದರೆ ಸುಳ್ಳಾದೀತು. ಮೇಷ್ಟ್ರು ರೂಢಿಬಲದಿಂದ "ಹದಿನೇಳು ಮೂರ್ಲಿ ಎಷ್ಟಪ್ಪಾ?" ಎಂದು ಕೇಳಿಬಿಟ್ಟರು. ಇಂಥವರಿಗೆ ಲೆಕ್ಕದಲ್ಲಿ ಏನೋ ಅದ್ಭುತ ಶಕ್ತಿ ಇರುತ್ತದೆಂದು ಅವರು ಎಲ್ಲೋ ಓದಿದ್ದರಂತೆ. ತಮ್ಮ "ಎಷ್ಟಪ್ಪಾ" ಎಂದು ಅವರನ್ನೇ ಕೇಳಿ ಆಲೂಗಡ್ಡೆ ಹಾಕಿಸಿಕೊಂಡ. ನರ್ಸ್ "ಊ...ಟ... ಚೆ...ನ್ನಾ...ಗಿ...ದೆ...ಯಾ?" ಎಂದು ಗಟ್ಟಿಯಾಗಿ ಬಿಡಿಸಿ ಬಿಡಿಸಿ ಕೇಳಿದಳು. "ಅವರಿಗೆ ಕಿವಿ ಚೆನ್ನಾಗೇ ಇದೆ ಕಣ್ರೀ, ಕಿರುಚಬೇಡಿ" ಎಂದಳು ಡ್ರೈವರಮ್ಮ, ತಾನೇ ಕಿರುಚಿ. ತಮ್ಮ ಕಿವಿ ಮುಚ್ಚಿಕೊಂಡ. ಮೂವರೂ ಒಮ್ಮೆಗೇ ಸುಮ್ಮನಾದರು. ಸ್ವಲ್ಪ ಹೊತ್ತಿನಲ್ಲಿ ಅವನು ಕೈ ಕೆಳಗಿಳಿಸಿ ಮತ್ತೆ ತಿನ್ನತೊಡಗಿದ. ಅವರೂ ದನಿ ತಗ್ಗಿಸಿ ಬಸ್ಸು, ಆಸ್ಪತ್ರೆ, ಲಿಫ್ಟು ಎಂದು ತಮ್ಮತಮ್ಮ ಮಾತಿಗೆ ಹೊರಳಿದರು. ಮೇಷ್ಟ್ರು ಅಕ್ಕ ಕಟ್ಟಿದ ಹಲ್ಲಲ್ಲೇ ಹುರಿದ ಆಲೂಗಡ್ಡೆ ಕರುಂಕರುಂ ಅಗಿಯುತ್ತಿದ್ದರು.

ಅಕ್ಕ ಮಾತ್ರ ಇನ್ನೂ ಕೂತಿರಲಿಲ್ಲ. ಬಡಿಸುವುದು, ನೀರು ತರುವುದು, ಉಪ್ಪು ತರುವುದು. "ಕೂತ್ಕೊಳ್ರೀ" ಎಂದು ಎಲ್ಲರೂ ಹೇಳಿ ಸಾಕಾಗಿ, ಕೊನೆಗೆ ಅವಳು ತನ್ನ ತಟ್ಟೆಗೂ ಬಡಿಸಿಕೊಂಡು ತಮ್ಮನ ಪಕ್ಕದ ಕುರ್ಚಿಯನ್ನು ಎಳೆದಳು.

ಆಗ ಬೆಲ್ ಆಯಿತು.

ತೆರೆದಿಟ್ಟಿದ್ದ ಬಾಗಿಲನ್ನು ಗಾಳಿ ಯಾವಾಗಲೋ ಮುಚ್ಚಿತ್ತು. ಬೆಲ್ಲಿನ ತಂತಿ ಕೀಳಿಸಬೇಕೆಂದು ಯಾರಿಗೂ ಹೊಳೆದಿರಲಿಲ್ಲ. ತಮ್ಮ ತಟ್ಟೆ ಎತ್ತಿಕೊಂಡು ಎದ್ದ. ಅಕ್ಕ ಎಳೆದ ಕುರ್ಚಿಯನ್ನು ಹಿಡಿದುಕೊಂಡೇ ನಿಂತಳು. ಮೂವತ್ತೈದು ವರ್ಷ ಕಾದ ಊಟ, ಕುರ್ಚಿಗೆ ಮೈ ತಾಗುವ ಮೊದಲೇ ಮುಗಿಯಿತು ಎಂದುಕೊಂಡಳು.

ಅವನು ಎರಡು ಹೆಜ್ಜೆ ಹೋಗಿ ನಿಂತ. ತಿರುಗಿ ನೋಡಿದ. ಬೆಲ್ ಆಗಿದೆ, ಆದರೂ ಮೂರು ಜನ ತಟ್ಟೆ ಇಟ್ಟುಕೊಂಡು ಆರಾಮಾಗಿ ಕೂತಿದ್ದಾರೆ! ಇಂಥ ಅನ್ಯಾಯವನ್ನು ಅವನು ಹುಟ್ಟಿದಾಗಿನಿಂದ ಕಂಡಿರಲಿಲ್ಲ. ತಟ್ಟೆಯನ್ನು ಕೋಣೆಯಲ್ಲಿಟ್ಟು ಬಿರಬಿರನೆ ವಾಪಸು ಬಂದ. ಮೇಷ್ಟ್ರು ಬಾಯಿಗೆ ಒಯ್ಯುತ್ತಿದ್ದ ತುತ್ತು ಅರ್ಧದಲ್ಲಿರುವಾಗಲೇ ಅವರ ತಟ್ಟೆ ಎತ್ತಿಕೊಂಡು ಹೋಗಿ ಒಳಗಿಟ್ಟ. ಮತ್ತೆ ಬಂದು ನರ್ಸಿನ ತಟ್ಟೆ ಎತ್ತಿದ. "ಬೆಲ್ ಆಯ್ತು. ಬೆಲ್ ಆಯ್ತು" ಎಂದು ಅವಸರಿಸಿದ.

ಡ್ರೈವರಮ್ಮ ತನ್ನ ತಟ್ಟೆ ತಾನೇ ಎತ್ತಿಕೊಂಡು ಎದ್ದು ನಿಂತಳು. "ನಡೀರಿ ಮೇಷ್ಟ್ರೇ. ಒಳಗೆ ಸೀಟು ಖಾಲಿ ಇದೆ, ಮುಂದಕ್ಕೆ ನಡೀರಿ" ಎಂದು ಪಿಸುಗುಟ್ಟಿದಳು. ಎಪ್ಪತ್ತು ದಾಟಿದ ಮೇಷ್ಟ್ರು ಹೊಸ ಸಾಕ್ಸಿನಲ್ಲಿ ತುದಿಗಾಲಲ್ಲಿ ಹೋದರು. ನರ್ಸ್ ನೀರಿನ ಲೋಟಗಳನ್ನು ಅವುಚಿಕೊಂಡು ಹಿಂಬಾಲಿಸಿದಳು. ಬಾಗಿಲು ಮುಚ್ಚಿಕೊಂಡಿತು.

ಮೇಜಿನ ಮೇಲೆ ಒಂದೇ ತಟ್ಟೆ ಉಳಿದಿತ್ತು, ಅಕ್ಕನದು. ಅದನ್ನು ಅವನು ಮುಟ್ಟಿರಲಿಲ್ಲ. ಮುಟ್ಟುವುದೂ ಇಲ್ಲ. ಕಾನೂನಿನ ಪ್ರಕಾರ ಬಾಗಿಲು ತೆಗೆಯುವವಳು ಹೊರಗಿರಬೇಕಲ್ಲ.

ಬೆಲ್ ಮತ್ತೆ ಆಯಿತು. ಅವಳು ಹೋಗಿ ಬಾಗಿಲು ತೆಗೆದಳು. ಎಂಬತ್ತು ದಾಟಿದ ದೊಡ್ಡತ್ತೆ, ಕೋಲೂರಿಕೊಂಡು, ಏದುಸಿರು ಬಿಡುತ್ತ ನಿಂತಿದ್ದಳು. ಹೇಳದೆ ಕೇಳದೆ ಬರುವುದು ಅವಳ ಹುಟ್ಟುಗುಣ. ಒಳಗೆ ಬಂದು, ಬಾಗಿಲ ಹತ್ತಿರವಿದ್ದ ಕುರ್ಚಿಯಲ್ಲಿ ಕೂತು, ಊದಿದ ಕಾಲು ನೀವಿಕೊಳ್ಳುತ್ತ ಸುತ್ತ ನೋಡಿದಳು. ಐದು ಕುರ್ಚಿ, ಒಂದು ತಟ್ಟೆ.

"ಏನೇ, ಆಚೆ ಅಷ್ಟೊಂದು ಚಪ್ಪಲಿ ಇದೆ, ಇಲ್ಲಿ ನೋಡಿದ್ರೆ ಒಂದು ನರಪಿಳ್ಳೆ ಇಲ್ಲ?"

ಒಳಗಿನಿಂದ ಮೇಷ್ಟ್ರು ಕೆಮ್ಮಿದರು. ಯಾರೋ ಕಿಸಕ್ಕೆಂದು ನಕ್ಕು ಬಾಯಿ ಮುಚ್ಚಿಕೊಂಡರು.

"ಅವನು ಒಳಗಿದ್ದಾನೆ ತಾನೇ?" ದೊಡ್ಡತ್ತೆ ದನಿ ತಗ್ಗಿಸಿ ಕೇಳಿದಳು, ಮೂವತ್ತೈದು ವರ್ಷದಿಂದ ಕೇಳುತ್ತಿದ್ದಂತೆಯೇ. ಅಕ್ಕನೂ ಅಷ್ಟು ವರ್ಷ ಹೂಂ ಎನ್ನುತ್ತ ಬಂದವಳು.

"ಎಲ್ಲರೂ ಒಳಗಿದ್ದಾರೆ ಅತ್ತೆ" ಎಂದಳು. "ಆಚೆ ಇರೋದು ನಾವಿಬ್ಬರೇ."

ದೊಡ್ಡತ್ತೆಗೆ ಅರ್ಥವಾಯಿತೋ ಇಲ್ಲವೋ, ಕಾಲು ನೀವುತ್ತಿದ್ದ ಕೈ ಮಾತ್ರ ನಿಂತಿತು. ಅಕ್ಕ ತನ್ನ ತಟ್ಟೆ ಎತ್ತಿಕೊಂಡು ಹಿಂದಿನ ಕೋಣೆಯ ಬಾಗಿಲಿಗೆ ಹೋದಳು. ರೂಢಿಯಂತೆ ತಟ್ಟಲು ಕೈ ಎತ್ತಿದಳು, ಎತ್ತಿದ ಕೈ ಅಲ್ಲೇ ನಿಂತಿತು. ಮೂರು ಸಲ ತಟ್ಟಿದರೆ ಅವನು ಹೊರಗೆ ಬರುತ್ತಾನೆ. ಅವಳಿಗೆ ಬೇಕಾಗಿದ್ದದ್ದು ಅವನನ್ನು ಹೊರಗೆ ಕರೆಯುವುದಲ್ಲ. ಒಳಗೆ ಹೋಗುವುದಕ್ಕೆ ಆ ಮನೆಯಲ್ಲಿ ಯಾವ ಗುರುತೂ ಇರಲಿಲ್ಲ. ಹನ್ನೆರಡು ವರ್ಷದ ಹುಡುಗಿ ಅದೊಂದನ್ನು ಮಾಡಿಡುವುದು ಮರೆತಿದ್ದಳು. ನೀರು ಕೊಡಲು ಹೊರಗೆ ನಿಂತ ಆ ಐದನೆಯ ದಿನದಿಂದ ಅವಳ ಬಾಯಲ್ಲಿ ಕರಗದೆ ಉಳಿದಿದ್ದ ಪೆಪ್ಪರ್‌ಮೆಂಟಿನ ಆಸೆ ಈಗ ನಾಲಗೆಯ ತುದಿಗೆ ಬಂತು. ತಟ್ಟೆ ಹಿಡಿದುಕೊಂಡು ಬಾಗಿಲ ಮುಂದೆ ಸುಮ್ಮನೆ ನಿಂತಳು.

ಬಾಗಿಲಡಿಯ ಸಂದಿನಲ್ಲಿ ನೆರಳಾಡಿತು. ಒಳಗೆ ಬಂದವರು ಮೂರು ಜನ ಇದ್ದರೂ ಅವನು ತನ್ನ ಜಾಗದಲ್ಲಿ ಕೆನ್ನೆಯಿಟ್ಟು ಮಲಗಿದ್ದ, ಅವಳ ಕಾಲು ನೋಡುತ್ತಿದ್ದ. ಅವತ್ತು ಆ ಕಾಲುಗಳು ಓಡಾಡುತ್ತಿರಲಿಲ್ಲ.

ಟಕ್, ಟಕ್, ಟಕ್.

ಬಾಗಿಲ ಒಳಗಿನಿಂದ ಸದ್ದಾಯಿತು. ಆಮೇಲೆ ತೆರೆದುಕೊಂಡಿತು. ತಮ್ಮ ಗೋಡೆಯ ಕಡೆ ಸರಿದು, ಪಕ್ಕದಲ್ಲಿ ಒಬ್ಬರು ಕೂರುವಷ್ಟು ಜಾಗ ಮಾಡಿದ. "ಬಂದವರು ಹೋದ್ರು" ಎಂದ, ಅಮ್ಮ ಹೇಳುತ್ತಿದ್ದ ದನಿಯಲ್ಲೇ. "ಬಾ, ಊಟ ಆರುತ್ತೆ."

ಹಿಂದೆ ದೊಡ್ಡತ್ತೆಯ ಕುರ್ಚಿ ಕಿರ್ ಎಂದಿತು, ಕೋಲು ನೆಲ ಮುಟ್ಟಿದ ಸದ್ದಾಯಿತು. ಅಕ್ಕ ಬಾಗಿಲನ್ನು ಹಾಕಿಕೊಳ್ಳದೆ, ತಟ್ಟೆಯ ಸಮೇತ ಒಳಗೆ ಹೋಗಿ ಕೂತಳು.